'ಅಂತರ' ಎಂಬ ಹಳೆಯ ಮಾತು: ಕೊರೋನಾ ಕಾಲದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಅನ್ನ, ಔಷಧ ಮತ್ತು ಕಾಗದ

1

2020ರ ಮಾರ್ಚ್ ತಿಂಗಳಲ್ಲಿ 'ಸಾಮಾಜಿಕ ಅಂತರ' ಎಂಬ ಮಾತು ಟಿವಿ, ಪೇಪರು, ಮೊಬೈಲು ಎಲ್ಲ ಕಡೆಯಿಂದಲೂ ನಮ್ಮ ಮೇಲೆ ಬಂದು ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯವರು ಅದೇ ತಿಂಗಳು 'ದೈಹಿಕ ಅಂತರ' ಅನ್ನುವುದೇ ಸರಿ ಎಂದು ತಿದ್ದಿಕೊಂಡರು. ನಾವು ತಿದ್ದಿಕೊಳ್ಳಲಿಲ್ಲ. ತಿದ್ದಿಕೊಳ್ಳುವ ಅಗತ್ಯ ನಮ್ಮ ಸಮಾಜಕ್ಕೆ ಕಾಣಲೂ ಇಲ್ಲ. ಯಾಕೆಂದರೆ ಮುಟ್ಟಬೇಡ, ದೂರ ನಿಲ್ಲು, ಕೈ ಚಾಚು ಮೇಲಿಂದ ಹಾಕ್ತೀನಿ ಎಂಬುದು ಇಲ್ಲಿ ವೈದ್ಯರು ಬರೆದುಕೊಟ್ಟ ಚೀಟಿಯಲ್ಲ; ಅದು ನಮ್ಮ ಊರುಗಳ ದಿನನಿತ್ಯದ ವ್ಯಾಕರಣ. ಮಡಿಗೆ ಆರೋಗ್ಯದ ಹೆಸರು ಸಿಕ್ಕಿತು ಎಂದು ಆಗ ದಲಿತ ಬರಹಗಾರರು ಹೇಳಿದ್ದು ಸರಿಯಾಗಿಯೇ ಇತ್ತು.

ಆದರೆ ಈ ಮಾತು ನಮ್ಮ ಜೊತೆಗೆ ಇನ್ನೂ ಯಾರ ಮೈಗೆ ಅಂಟಿಕೊಂಡಿತು ಎಂಬುದನ್ನು ನಾವು ಅಷ್ಟಾಗಿ ನೋಡಲಿಲ್ಲ. ಅದೇ ಮಾರ್ಚ್‌ನಲ್ಲಿ ಹೈದರಾಬಾದಿನ ಗೋಡೆಗಳ ಮೇಲೆ ಪೋಸ್ಟರುಗಳು ಕಾಣಿಸಿಕೊಂಡವು. ಹಿಜ್ರಾಗಳನ್ನು ಅಂಗಡಿ ಹತ್ತಿರ ಬಿಟ್ಟುಕೊಂಡರೆ, ಅವರ ಜೊತೆ ಮಾತಾಡಿದರೆ ಕೊರೋನಾ ಬರುತ್ತದೆ ಎಂದು ಅವುಗಳಲ್ಲಿ ಬರೆದಿತ್ತು. ಮಾತಾಡಿದರೇ ಮೈಲಿಗೆ! ಈ ತರ್ಕ ಯಾವ ಖಾರ್ಖಾನೆಯಿಂದ ಬಂದದ್ದು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಲೇಖನದಲ್ಲಿ ಕೊರೋನಾ ಕಾಲದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಕೈಗೆ ಬರುತ್ತಿದ್ದ ದುಡ್ಡು ಹೇಗೆ ನಿಂತಿತು, ಸರ್ಕಾರ ಕೊಟ್ಟ ನೆರವು ಅವರನ್ನು ಯಾಕೆ ಮುಟ್ಟಲಿಲ್ಲ, ಆಸ್ಪತ್ರೆಯ ಬಾಗಿಲು ಹೇಗೆ ಮುಚ್ಚಿತು ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಲು ಯತ್ನಿಸುತ್ತೇನೆ. ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಇದು ಯಾಕೆ ಎಂಬ ಪ್ರಶ್ನೆ ಏಳಬಹುದು. ಅದಕ್ಕೆ ಉತ್ತರ ಕೊನೆಯಲ್ಲಿದೆ; ಆ ಉತ್ತರ ನನಗೇನೂ ಹೆಮ್ಮೆಯದ್ದಲ್ಲ.

2

ನಮ್ಮ ಕೇರಿಯಲ್ಲಿ ಒಬ್ಬ ಜೋಗಪ್ಪ ಇದ್ದಾರೆ. ನಾವೆಲ್ಲ ಅವರನ್ನು ಜೋಗವ್ವ ಎಂದೇ ಕರೆಯುವುದು. ಹದಿನಾರನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ಮಂಗಳವಾರ, ಶುಕ್ರವಾರ ತಲೆ ಮೇಲೆ ಅಮ್ಮನ ಕೊಡ ಹೊತ್ತು ಜೋಗಕ್ಕೆ ಹೋಗುತ್ತಿದ್ದರು. ಹುಣ್ಣಿಮೆ ಬಂತೆಂದರೆ ಹುಲಿಗಿಗೆ. ಊರವರು ಸೆರಗೊಡ್ಡಿದಾಗ ಹರಸುತ್ತಿದ್ದರು, ಮೊರದ ಜೋಳ ಪಡೆಯುತ್ತಿದ್ದರು, ಚೌಡಿಕೆ ಹಿಡಿದು ಹಾಡುತ್ತಿದ್ದರು. ಇದು ಭಕ್ತಿ ಎಂದು ಜಾನಪದದವರು ಬರೆಯುತ್ತಾರೆ. ಇರಬಹುದು. ಆದರೆ ಇದು ಹೊಟ್ಟೆಪಾಡು ಕೂಡ. ಮದುವೆ, ಸೀಮಂತ, ಜಾತ್ರೆ, ಸಂತೆ ಇವೆಲ್ಲ ಜೋಗವ್ವನ ಪಾಲಿಗೆ ಕೂಲಿ ಸಿಗುವ ಹೊಲಗಳು.

ನಗರದಲ್ಲಿ ಈ ಹೊಲದ ಹೆಸರು ಬೇರೆ. ಸಿಗ್ನಲ್ಲು, ಅಂಗಡಿ ಸಾಲು, ರೈಲಿನ ಜನರಲ್ ಬೋಗಿ, ಮಗು ಹುಟ್ಟಿದ ಮನೆಗೆ ಹೋಗಿ ಹರಸುವ ಬಧಾಯಿ, ರಾತ್ರಿಯ ರಸ್ತೆಯ ಲೈಂಗಿಕ ವೃತ್ತಿ. ಇಲ್ಲೆಲ್ಲ ಒಂದು ಸಮಾನ ಅಂಶವಿದೆ. ದುಡ್ಡು ಬರಬೇಕಾದರೆ ಜನ ಬೇಕು, ಗುಂಪು ಬೇಕು, ಮುಟ್ಟುವುದು ಬೇಕು. ಮಂಗಳಮುಖಿಯರು ತಲೆ ಮುಟ್ಟಿ ದೃಷ್ಟಿ ತೆಗೆದರೆ ತಾನೇ ಹತ್ತು ರೂಪಾಯಿ! ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮಾಡುವ ಕೆಲಸವಲ್ಲ ಇದು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಮರುದಿನದಿಂದ 21 ದಿನ ಎಂದರು. ಅದು ಬೆಳೆಯುತ್ತಾ ಹೋಯಿತು. ರೈಲು ನಿಂತವು. ಆಮೇಲೆ ರೈಲು ಓಡತೊಡಗಿದಾಗಲೂ ಬಹಳ ಕಾಲ ರಿಸರ್ವೇಶನ್ ಇದ್ದವರಿಗೆ ಮಾತ್ರ; ಕಾಸು ಕೊಡುತ್ತಿದ್ದ ಜನರಲ್ ಬೋಗಿಯ ಬಡವರು ಅಲ್ಲಿರಲಿಲ್ಲ. ದೇವಸ್ಥಾನಗಳ ಬಾಗಿಲು ಹಾಕಿದರು, ಜಾತ್ರೆಗಳು ನಿಂತವು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ತಿಂಗಳುಗಟ್ಟಲೆ ಭಕ್ತರನ್ನು ಬಿಡಲಿಲ್ಲ. ಮದುವೆಗಳು ಐವತ್ತು ಜನರೊಳಗೆ ಮುಗಿದವು. ಆ ಐವತ್ತರಲ್ಲಿ ಜೋಗವ್ವನಿಗೆ ಜಾಗವೆಲ್ಲಿ?

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಈ ಕಸುಬುಗಳನ್ನು ಪ್ರಭುತ್ವ ಕಸುಬು ಎಂದು ಒಪ್ಪಿಯೇ ಇಲ್ಲ. 2020ರ ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂ.ಗಳ ನೆರವು ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂ. ಎಂದಿತು. ಒಳ್ಳೆಯದೇ. ಆದರೆ ಅದು ಕಸುಬಿನ ಪಟ್ಟಿ. ಭಿಕ್ಷೆ ಈ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ರಸ್ತೆಯಲ್ಲಿ ಗಿರಾಕಿ ಕರೆಯುವುದೂ ಕಾನೂನಿನ ಕಣ್ಣಲ್ಲಿ ಅಪರಾಧವೇ. ಅಪರಾಧ ನಿಂತು ಹೋಯಿತು ಎಂದು ಪರಿಹಾರ ಕೇಳುವುದು ಹೇಗೆ? ಕೇಳಲು ಕಾಲಮ್ಮೇ ಇಲ್ಲದ ಕಡೆ ಹಸಿವನ್ನು ಎಲ್ಲಿ ತುಂಬಬೇಕು?

ಈ ಅಪರಾಧದ ಹಣೆಪಟ್ಟಿ ಇವತ್ತಿನದಲ್ಲ. 1871ರಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟು'ಗಳ ಕಾಯ್ದೆ ಮಾಡಿದರಲ್ಲ, ಅದರ ಎರಡನೇ ಭಾಗ ಹಿಜ್ರಾಗಳ ಕುರಿತದ್ದು. ಅವರ ಹೆಸರು, ಮನೆ, ಆಸ್ತಿ ದಾಖಲಿಸಿ ಕಣ್ಣಿಡಬೇಕು ಎಂಬ ನಿಯಮ. ಅಲೆಮಾರಿ ಸಮುದಾಯಗಳನ್ನೂ ಹಿಜ್ರಾಗಳನ್ನೂ ಒಂದೇ ಕಾಗದದಲ್ಲಿ ಕಟ್ಟಿಹಾಕಿದ ಕಾನೂನು ಅದು. ಅದು ಹೋದ ಮೇಲೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಅದೇ ಹಳೆಯ ರಿಜಿಸ್ಟರಿನ ಆಸೆ ಅದರಲ್ಲೂ ಇತ್ತು. ನಮ್ಮ ಚರಿತ್ರೆಗಳು ಬೇರೆ ಬೇರೆ ಎಂದು ನಾವು ತಿಳಿದಿದ್ದರೂ ಪೊಲೀಸ್ ಠಾಣೆಯ ಕಪಾಟಿನಲ್ಲಿ ಅವು ಅಕ್ಕಪಕ್ಕದಲ್ಲೇ ಇದ್ದವು.

3

ಈಗ ಕಾಗದದ ವಿಷಯಕ್ಕೆ ಬರೋಣ. ನೆರವು ಬರಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಬಂತು. ಬಂದದ್ದು ಯಾವ ಬಾಗಿಲಿಂದ ಎಂಬುದು ಮುಖ್ಯ.

ಪಡಿತರವನ್ನೇ ತೆಗೆದುಕೊಳ್ಳಿ. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲಾ 5 ಕೆಜಿ ಧಾನ್ಯ ಬಿಟ್ಟಿ ಸಿಕ್ಕಿತು; ರೇಷನ್ ಕಾರ್ಡು ಇದ್ದವರಿಗೆ. ಕಾರ್ಡು ಎಂಬುದು ಕುಟುಂಬದ ಕಾಗದ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸು ಯಜಮಾನಿ. ಇದು ಹೆಂಗಸರಿಗೆ ಬಲ ಕೊಟ್ಟ ಒಳ್ಳೆಯ ನಿಯಮ. ಆದರೆ ಹದಿನೈದಕ್ಕೋ ಹದಿನಾರಕ್ಕೋ ಮನೆಯಿಂದ ಹೊರಬಿದ್ದ ಹಿಜ್ರಾ, ಗುರುವಿನ ಜೊತೆ ಎಂಟು ಮಂದಿ ಚೇಲಾಗಳ ಮನೆಯಲ್ಲಿರುವಾಕೆ, ಯಾವ ಕಾರ್ಡಿನಲ್ಲಿದ್ದಾಳೆ? ಒಂದೋ ಎಲ್ಲಿಯೂ ಇಲ್ಲ. ಇಲ್ಲವೇ ಅವಳನ್ನು ಹೊರಗೆ ಹಾಕಿದ ಅಪ್ಪನ ಮನೆಯ ಕಾರ್ಡಿನಲ್ಲಿ ಹಳೆಯ ಗಂಡು ಹೆಸರಲ್ಲಿ ಇನ್ನೂ ಇದ್ದಾಳೆ. ಅವಳ 5 ಕೆಜಿ ಅಕ್ಕಿ ಅಣ್ಣನ ಹೆಬ್ಬೆಟ್ಟಿಗೆ ಹೋಗುತ್ತದೆ. ಗುರುಚೇಲಾ ಮನೆ ಸರ್ಕಾರದ ಲೆಕ್ಕದಲ್ಲಿ ಮನೆಯೇ ಅಲ್ಲ.

ಎರಡನೆಯದು ಜನಧನ ಖಾತೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ರೂ. ಹಾಕಿದರು, ಹೆಂಗಸರ ಜನಧನ ಖಾತೆಗಳಿಗೆ ಮಾತ್ರ. ಸೀರೆ ಉಟ್ಟು ಇಪ್ಪತ್ತು ವರ್ಷವಾದರೂ ಬ್ಯಾಂಕಿನ ಪುಸ್ತಕದಲ್ಲಿ ಗಂಡು ಹೆಸರಿದ್ದರೆ ಆ ಐನೂರು ಬರುವುದಿಲ್ಲ. ಯಂತ್ರಕ್ಕೆ ಕಣ್ಣಿಲ್ಲ, ಬರೆದಿದ್ದನ್ನು ಓದುತ್ತದೆ ಅಷ್ಟೆ.

ಮೂರನೆಯದು ಇವರಿಗೆಂದೇ ಕೊಟ್ಟ ದುಡ್ಡು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2020ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಖಾತೆಗೆ 1,500 ರೂ. ಹಾಕಿತು. ತಲುಪಿದ್ದು ದೇಶದಾದ್ಯಂತ ಸುಮಾರು 7,000 ಮಂದಿಗೆ ಎಂದು ಸಚಿವಾಲಯವೇ ಹೇಳಿತು. 2011ರ ಜನಗಣತಿಯಲ್ಲಿ 'ಇತರೆ' ಎಂದು ಬರೆಸಿದವರು 4,87,803. ಗಣತಿಗೆ ಸಿಗದವರು ಇನ್ನೆಷ್ಟೋ. ಆ ಲೆಕ್ಕವನ್ನೇ ಹಿಡಿದರೂ ನೂರರಲ್ಲಿ ಇಬ್ಬರಿಗೂ ಮುಟ್ಟಿಲ್ಲ. ಅರ್ಜಿ ಹಾಕಲು ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು, ಇಂಟರ್‌ನೆಟ್ ಬೇಕು. ಅದೇ ಗಣತಿಯ ಪ್ರಕಾರ ಈ ವರ್ಗದವರಲ್ಲಿ ಅಕ್ಷರ ಬಲ್ಲವರು ಸುಮಾರು 56 ಶೇಕಡಾ. ದೇಶದ ಒಟ್ಟು ಲೆಕ್ಕ ಸುಮಾರು 73.

ನಮ್ಮ ರಾಜ್ಯದಲ್ಲಿ 'ಮೈತ್ರಿ' ಎಂಬ ಮಾಸಾಶನ 2013ರಿಂದ ಇದೆ. 2020ರಲ್ಲಿ ಅದು ತಿಂಗಳಿಗೆ 600 ರೂ. ದಿನಕ್ಕೆ 20 ರೂಪಾಯಿ. ಅದನ್ನು ಪಡೆಯಲೂ ನೀನು ಯಾರು ಎಂಬುದಕ್ಕೆ ಕಾಗದ ಬೇಕು. ಇದೇ ಹೊತ್ತಿಗೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂದಿತ್ತು. ಅದರ ಪ್ರಕಾರ ಗುರುತಿನ ಪತ್ರವನ್ನು ಜಿಲ್ಲಾಧಿಕಾರಿ ಕೊಡಬೇಕು. ಆದರೆ ನಿಯಮಗಳು ಬಂದದ್ದು ಸೆಪ್ಟೆಂಬರಿನಲ್ಲಿ. ಅರ್ಜಿ ಹಾಕುವ ಪೋರ್ಟಲ್ಲು ಶುರುವಾದದ್ದು ನವೆಂಬರ್ 25ಕ್ಕೆ. ಹಸಿವು ಏಪ್ರಿಲ್‌ನಲ್ಲಿ, ಅರ್ಜಿ ನವೆಂಬರ್‌ನಲ್ಲಿ!

2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಿನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ನಿನ್ನದೇ ಎಂದಿತ್ತು. ಆ ಹಕ್ಕು ನ್ಯಾಯಬೆಲೆ ಅಂಗಡಿಯ ಮುಂದೆ ಬರುವಷ್ಟರಲ್ಲಿ ಒಂದು ಜೆರಾಕ್ಸ್ ಪ್ರತಿಯಾಗಿ ಕರಗಿಹೋಗಿತ್ತು. ಅದೇ ಕೋರ್ಟು 2020ರ ಸೆಪ್ಟೆಂಬರ್ 29ರಂದು ಲೈಂಗಿಕ ವೃತ್ತಿಯವರಿಗೆ ಗುರುತಿನ ದಾಖಲೆಗೆ ಒತ್ತಾಯಿಸದೆ ಪಡಿತರ ಕೊಡಿ ಎಂದು ಆದೇಶಿಸಿತು. ಅಂದರೆ ಕಾಗದ ಇಲ್ಲದೆಯೂ ಅಕ್ಕಿ ಕೊಡಬಹುದು ಎಂದಾಯಿತು. ಹಾಗಾದರೆ ಆರು ತಿಂಗಳು ಕೊಡದೆ ಇದ್ದದ್ದು ಯಾಕೆ?

4

ದುಡಿಮೆ ನಿಂತಾಗ ಬಡವರು ಸಾಲ ಮಾಡುತ್ತಾರೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತಿಗೆ ಮೂರು ತಿಂಗಳ ವಿನಾಯಿತಿ ಕೊಡಲು ಅವಕಾಶ ಮಾಡಿತು. ಆಮೇಲೆ ಆಗಸ್ಟ್ 31ರವರೆಗೆ ಬೆಳೆಸಿತು. ಇದು ಬ್ಯಾಂಕು, ಫೈನಾನ್ಸ್ ಕಂಪೆನಿಗಳಲ್ಲಿ ಸಾಲ ಇದ್ದವರಿಗೆ. ಹಿಜ್ರಾಗಳಿಗೆ ಬ್ಯಾಂಕು ಸಾಲ ಕೊಟ್ಟಿದ್ದರೆ ತಾನೇ ವಿನಾಯಿತಿ? ಅವರ ಸಾಲ ಮೀಟರ್ ಬಡ್ಡಿಯವರ ಹತ್ತಿರ. ಮೀಟರ್ ಬಡ್ಡಿಗೆ ಲಾಕ್‌ಡೌನ್ ಇಲ್ಲ.

ಬಾಡಿಗೆಯದ್ದೂ ಹೀಗೆಯೇ. ಮಂಗಳಮುಖಿಯರಿಗೆ ಮನೆ ಕೊಡುವವರು ಕಡಿಮೆ. ಕೊಡುವವರು ಪಕ್ಕದವರಿಗಿಂತ ಹೆಚ್ಚು ಕೇಳುತ್ತಾರೆ, ಕರಾರು ಪತ್ರ ಮಾಡುವುದಿಲ್ಲ. ಪತ್ರ ಇಲ್ಲದಿದ್ದರೆ ವಿಳಾಸದ ದಾಖಲೆ ಇಲ್ಲ; ವಿಳಾಸ ಇಲ್ಲದಿದ್ದರೆ ಕಾರ್ಡು ಇಲ್ಲ; ಕಾರ್ಡು ಇಲ್ಲದಿದ್ದರೆ ಅಕ್ಕಿ ಇಲ್ಲ. ಒಂದು ಬಾಗಿಲಿನ ಬೀಗದ ಕೈ ಇನ್ನೊಂದು ಬೀಗ ಹಾಕಿದ ಕೋಣೆಯಲ್ಲಿದೆ.

ಇದನ್ನು ಹೇಳುವಾಗ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಲೈಂಗಿಕ ಅಲ್ಪಸಂಖ್ಯಾತರೆಂದರೆ ಬೀದಿಯಲ್ಲಿ ಕಾಣುವ ಹಿಜ್ರಾಗಳು ಮಾತ್ರವಲ್ಲ. ಗಾರ್ಮೆಂಟ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಹೋಟೆಲಿನಲ್ಲಿ ದುಡಿಯುತ್ತಾ ಯಾರಿಗೂ ಹೇಳದೆ ಬದುಕಿದ ಸಲಿಂಗಿ ಹುಡುಗರು, ಹುಡುಗಿಯರು ಇದ್ದಾರೆ. ನಗರದ ಒಂದು ಚಿಕ್ಕ ರೂಮು ಅವರ ಸ್ವಾತಂತ್ರ್ಯ. ಕೆಲಸ ಹೋಯಿತು, ರೂಮು ಬಿಟ್ಟರು, ಊರಿಗೆ ಬಂದರು. ಅಪ್ಪನ ಅನ್ನ ತಿನ್ನುವಾಗ ಅಪ್ಪ ತೋರಿಸಿದ ಹುಡುಗಿಯನ್ನು ಬೇಡವೆನ್ನುವುದು ಹೇಗೆ? ಇಬ್ಬರು ಹೆಂಗಸರು ಹತ್ತು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದರೂ ಒಬ್ಬಳು ಆಸ್ಪತ್ರೆ ಸೇರಿದರೆ ಇನ್ನೊಬ್ಬಳು ಯಾರೂ ಅಲ್ಲ. 377ನೇ ಕಲಮಿನ ಭಯ 2018ರ ಸೆಪ್ಟೆಂಬರ್ 6ಕ್ಕೆ ಹೋಯಿತು ನಿಜ. ಆದರೆ ಅಪರಾಧವಲ್ಲ ಎನ್ನುವುದು ಬೇರೆ, ಮನೆಯವರು ಎನ್ನುವುದು ಬೇರೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಇಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಿ, ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ಕೇಂದ್ರದ ಇಲಾಖೆಗಳು ತಿಳಿಸಿದ್ದು 2024ರಲ್ಲಿ. ರೋಗ ಬಂದು ಹೋಗಿ ನಾಲ್ಕು ವರ್ಷದ ಮೇಲೆ.

5

ಆಸ್ಪತ್ರೆಯ ಕಥೆ ಇದಕ್ಕಿಂತ ಮೌನವಾದದ್ದು. 2020ರಲ್ಲಿ ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆ ಕೋವಿಡ್ಡಿಗೆ ಮೀಸಲಾಯಿತು. ಮೀಸಲಾಗಬೇಕಿತ್ತು ಕೂಡ. ಆದರೆ ಅಲ್ಲಿ ದಿನವೂ ಬರುತ್ತಿದ್ದ ಬಡ ರೋಗಿಗಳು ಎಲ್ಲಿಗೆ ಹೋಗಬೇಕು? ಎಚ್‌ಐವಿ ಇದ್ದವರಿಗೆ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಬಾರದು. ಒಂದೇ ಸಲಕ್ಕೆ ಕೆಲವು ತಿಂಗಳ ಮಾತ್ರೆ ಕೊಡಿ ಎಂದು ಏಡ್ಸ್ ನಿಯಂತ್ರಣ ಸಂಸ್ಥೆ ಸೂಚಿಸಿತು, ಒಳ್ಳೆಯ ಕ್ರಮ. ಆದರೆ ಆ ಕೇಂದ್ರದವರೆಗೆ ಬಸ್ಸಿಲ್ಲ. ದಾರಿಯಲ್ಲಿ ಪೊಲೀಸರು ತಡೆದರೆ ಎಲ್ಲಿಗೆ ಹೋಗ್ತಿದೀಯ ಎಂಬ ಪ್ರಶ್ನೆಗೆ ನಡುರಸ್ತೆಯಲ್ಲಿ ನಿಂತು ಎಚ್‌ಐವಿ ಮಾತ್ರೆಗೆ ಎಂದು ಕೂಗಿ ಹೇಳಬೇಕು.

ಹಾರ್ಮೋನಿನ ಮಾತ್ರೆ, ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಇವೆಲ್ಲ 'ಆಮೇಲೆ ಮಾಡಬಹುದಾದ' ಚಿಕಿತ್ಸೆಗಳ ಪಟ್ಟಿಗೆ ಸೇರಿದವು. ಶಸ್ತ್ರಚಿಕಿತ್ಸೆಗೆಂದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅಕ್ಕಿ ಬೇಳೆಗೆ ಕರಗಿತು. ಜ್ವರ ಬಂದವರನ್ನು ಗಂಡಸರ ವಾರ್ಡಿಗೆ ಹಾಕಬೇಕೋ ಹೆಂಗಸರ ವಾರ್ಡಿಗೋ ಎಂಬ ಪ್ರಶ್ನೆಗೆ ಬಹಳ ಕಡೆ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಕಡೆಗೆ ಜನ ಹೋಗುವುದಿಲ್ಲ; ಮನೆಯಲ್ಲೇ ಮಲಗುತ್ತಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂ.ಗಳ ಆಯುಷ್ಮಾನ್ ವಿಮೆಯ ಒಪ್ಪಂದ ಆದದ್ದು 2022ರ ಆಗಸ್ಟ್‌ನಲ್ಲಿ. ಅದಕ್ಕೂ ಮತ್ತೆ ಅದೇ ಗುರುತಿನ ಪತ್ರ.

ಕಾಗದದ ಹಾದಿಯಲ್ಲಿ ಒಂದು ಸೇವೆ ಮಾತ್ರ ಬೇರೆ ಥರ ನಡೆಯಿತು. 2023ರ ಜೂನ್ 11ಕ್ಕೆ ಶುರುವಾದ 'ಶಕ್ತಿ' ಯೋಜನೆಯಲ್ಲಿ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಿಟ್ಟಿ ಟಿಕೆಟ್ ಎಂದರು. ಅಲ್ಲಿಯೂ ಗುರುತಿನ ಚೀಟಿ ಬೇಕು. ಆದರೆ ನಿನ್ನ ಮನೆ ಯಾವುದು, ನಿನ್ನ ಕುಟುಂಬದ ಯಜಮಾನಿ ಯಾರು ಎಂದು ಕಂಡಕ್ಟರು ಕೇಳುವುದಿಲ್ಲ. ಕುಟುಂಬವನ್ನಲ್ಲದೆ ಮನುಷ್ಯರನ್ನು ಲೆಕ್ಕ ಹಿಡಿದರೆ ಎಷ್ಟು ಸಲೀಸು ನೋಡಿ.

6

ಈಗ ಜಾತಿಯ ಮಾತು. ಹಿಜ್ರಾಗಳಲ್ಲಿ ಜಾತಿಯಿಲ್ಲ ಎಂಬ ಒಂದು ಮಾತಿದೆ. 2011ರ ಗಣತಿಯ 4,87,803ರಲ್ಲಿ 78,811 ಮಂದಿ ಪರಿಶಿಷ್ಟ ಜಾತಿ, 33,293 ಮಂದಿ ಪರಿಶಿಷ್ಟ ಪಂಗಡ. ಜೋಗಪ್ಪಗಳಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಮನೆಗಳಿಂದ ಬಂದವರು. ಲಾಕ್‌ಡೌನಿನಲ್ಲಿ ಇಂಗ್ಲಿಷ್ ಬಲ್ಲವರು ಇಂಟರ್‌ನೆಟ್ಟಿನಲ್ಲಿ ಚಂದಾ ಎತ್ತಿದರು. ಬಹಳ ಜನರಿಗೆ ಅದರಿಂದ ಊಟವೂ ಆಯಿತು. ಆದರೆ ತನ್ನ ಕಷ್ಟವನ್ನು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದು ಫೋಟೋ ಹಾಕಬಲ್ಲವರಿಗೂ, ಫೋನಿಗೆ ಕರೆನ್ಸಿ ಇಲ್ಲದ ಜೋಗವ್ವನಿಗೂ ನಡುವೆ ಇರುವುದು ಜಾತಿಯೇ. ಗ್ರೇಸ್ ಬಾನು ಅವರಂಥ ದಲಿತ ಟ್ರಾನ್ಸ್ ಹೋರಾಟಗಾರ್ತಿಯರು ಸಮತಲ ಮೀಸಲಾತಿ ಕೇಳಿದ್ದು ಇದಕ್ಕಾಗಿ. ಎಲ್ಲರನ್ನೂ ಹಿಂದುಳಿದ ವರ್ಗ ಎಂದು ಒಂದೇ ಮೂಟೆ ಕಟ್ಟಿದರೆ ದಲಿತ ಟ್ರಾನ್ಸ್ ವ್ಯಕ್ತಿ ತನ್ನ ಜಾತಿಯ ಹಕ್ಕನ್ನು ಬಿಟ್ಟುಕೊಡಬೇಕು. ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಪ್ರತಿ ವರ್ಗದೊಳಗೂ 1 ಶೇಕಡಾ ಎಂದು ಮಾಡಿದ್ದು ಆ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಅದೇ ವರ್ಷದ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ತೆಗೆದುಕೊಳ್ಳುವ ಮೊದಲು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ದೇಶವೆಲ್ಲ ನೋಡಿ ಸಂತೋಷಪಟ್ಟಿತು. ನಾನೂ ಪಟ್ಟೆ. ಆದರೆ ಆ ಸೆರಗಿನ ಹಿಂದೆ ಒಂದೂವರೆ ವರ್ಷ ಖಾಲಿ ಕೂತ ಎಷ್ಟು ಕೊಡಗಳಿದ್ದವು ಎಂಬುದು ಫೋಟೋದಲ್ಲಿ ಬರಲಿಲ್ಲ.

7

ಕೊನೆಯಲ್ಲಿ ಹೇಳುತ್ತೇನೆ ಎಂದಿದ್ದ ಉತ್ತರ ಇದು.

2020ರ ಏಪ್ರಿಲ್‌ನಲ್ಲಿ ನಾನು ಎಂ.ಎ. ಓದುತ್ತಿದ್ದವನು ಹಾಸ್ಟೆಲ್ ಮುಚ್ಚಿ ಊರಿಗೆ ಬಂದಿದ್ದೆ. ನಮ್ಮ ಕೇರಿಯ ಹುಡುಗರೆಲ್ಲ ಸೇರಿ ಅಂಬೇಡ್ಕರ್ ಜಯಂತಿಯ ಖರ್ಚಿಗೆಂದು ಎತ್ತಿದ್ದ ಚಂದಾದಲ್ಲಿ ರೇಷನ್ ಕಿಟ್ ಹಂಚೋಣ ಎಂದು ತೀರ್ಮಾನಿಸಿದೆವು. ಅಕ್ಕಿ, ಬೇಳೆ, ಎಣ್ಣೆ, ಸೋಪು. ಪಟ್ಟಿ ಬರೆದವನು ನಾನು. ಮನೆಗೊಂದು ಕಿಟ್. ಯಾರನ್ನೂ ಬಿಡಬಾರದು ಎಂದು ಎರಡು ಸಲ ಓದಿ ನೋಡಿದೆವು.

ಹಂಚಿ ಮುಗಿದ ಮೂರು ದಿನದ ಮೇಲೆ ಜೋಗವ್ವ ನಮ್ಮ ಕಟ್ಟೆ ಹತ್ತಿರ ಬಂದು ಕೂತರು. ಕೇಳಲು ಬಂದವರ ಹಾಗೆ ಕೂತಿರಲಿಲ್ಲ. "ಏನ್ ತಮ್ಮಾ, ಓದಾದು ನಿಂತೈತೇನು?" ಅಂದರು. ಅವ್ವ ಒಳಗಿಂದ ರೊಟ್ಟಿ ತಂದು ಕೊಟ್ಟಳು. ಕೊಟ್ಟು ನನ್ನ ಕಡೆ ತಿರುಗಿ, "ಈಕಿಗೆ ಕಿಟ್ ಕೊಟ್ರೇನ್ಲೇ?" ಎಂದು ಕೇಳಿದಳು. ನನಗೆ ಆಗ ಹೊಳೆಯಿತು. ಜೋಗವ್ವ ತಮ್ಮನ ಮನೆಯ ಹಿಂದಿನ ತಗಡಿನ ಗುಡಿಸಲಲ್ಲಿ ಇರುತ್ತಿದ್ದರು. ತಮ್ಮನ ಮನೆಗೆ ಕಿಟ್ ಹೋಗಿತ್ತು. ಅಲ್ಲಿಗೆ ಅವರ ಲೆಕ್ಕ ಮುಗಿದಿತ್ತು. ತಮ್ಮನ ಒಲೆಗೂ ಅವರ ಒಲೆಗೂ ಮಾತಿಲ್ಲದೆ ಎಷ್ಟೋ ವರ್ಷವಾಗಿದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬರೆಯಲಿಲ್ಲ. "ಇರ್ಲಿ ಬಿಡಬೇ, ಹುಡುಗರು ಪಾಪ, ಮನಿ ಮನಿ ಎಣಿಸ್ಯಾವ. ನಾನೇನು ಮನಿ ಏನು?" ಅಂದು ಜೋಗವ್ವ ನಕ್ಕರು.

ಸರ್ಕಾರದ ಕಾರ್ಡು ಕುಟುಂಬವನ್ನು ಮಾತ್ರ ಎಣಿಸುತ್ತದೆ ಎಂದು ಮೇಲೆ ಇಷ್ಟು ಹೊತ್ತು ಬೈದೆನಲ್ಲ, ಬಾಬಾಸಾಹೇಬರ ಹೆಸರಿನ ಚಂದಾದಲ್ಲಿ ನಾವು ಬರೆದ ಪಟ್ಟಿಯೂ ಅದನ್ನೇ ಮಾಡಿತ್ತು. ಇದನ್ನು ಮರೆವು ಎಂದು ಕರೆದು ತಪ್ಪಿಸಿಕೊಳ್ಳಬಾರದು. ಯಾರನ್ನು ಮರೆಯುತ್ತೇವೆ ಎಂಬುದರಲ್ಲೇ ಶ್ರೇಣಿ ಇರುತ್ತದೆ. ಊರು ಕೇರಿಯನ್ನು ಮರೆತದ್ದು ಹೀಗೆಯೇ ಅಲ್ಲವೆ?

ನಾನು ಈಗ ತರಗತಿಯಲ್ಲಿ ದಲಿತ ಆತ್ಮಕಥನಗಳನ್ನು ಪಾಠ ಮಾಡುತ್ತೇನೆ. 'ಊರುಕೇರಿ'ಯಲ್ಲಿ, 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ ಹಸಿವನ್ನು, ತಟ್ಟೆಯನ್ನು, ಕೂರುವ ಜಾಗವನ್ನು ಓದುವುದು ಹೇಗೆಂದು ನಮ್ಮ ವಿಮರ್ಶೆ ನಮಗೆ ಕಲಿಸಿಕೊಟ್ಟಿದೆ. ಆದರೆ ದು. ಸರಸ್ವತಿಯವರು ಕನ್ನಡಕ್ಕೆ ತಂದ ಎ. ರೇವತಿಯವರ 'ಬದುಕು ಬಯಲು' ಕೈಗೆ ಬಂದಾಗ ಅದೇ ಕಣ್ಣನ್ನು ನಾವು ಪಕ್ಕಕ್ಕಿಡುತ್ತೇವೆ. ಅಲ್ಲಿ ಮೈಯ ಕಥೆ ಮಾತ್ರ ಕಾಣುತ್ತದೆ. ಬಾಡಿಗೆ, ಕೂಲಿ, ಪಾಲು, ಆಸ್ತಿ ಕಾಣುವುದಿಲ್ಲ. ಅದು ಲಿಂಗದ ಪ್ರಶ್ನೆ, ಇದು ಜಾತಿಯ ಪ್ರಶ್ನೆ ಎಂದು ಎರಡು ಕಪಾಟು ಮಾಡಿಕೊಂಡಿದ್ದೇವೆ. ದಲಿತ ವಿಮರ್ಶೆ ಹುಟ್ಟಿದ್ದೇ ಪಟ್ಟಿಯಲ್ಲಿ ಯಾರಿಲ್ಲ ಎಂದು ಕೇಳುವುದಕ್ಕೆ. ಆ ಪ್ರಶ್ನೆಯನ್ನು ನಮ್ಮ ಪಟ್ಟಿಗೂ ಕೇಳಿಕೊಳ್ಳದೆ ಹೋದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಬರೀ ಘೋಷಣೆಯಾಗುತ್ತದೆ.

2021ರಲ್ಲಿ ಎರಡನೇ ಅಲೆ ಬಂದಾಗ ಮತ್ತೆ ಕಿಟ್ ಹಂಚಿದೆವು. ಈ ಸಲ ಮನೆ ಎಣಿಸಲಿಲ್ಲ, ಒಲೆ ಎಣಿಸಿದೆವು. ಅರವತ್ತೆರಡು ಮನೆಯ ಕೇರಿಯಲ್ಲಿ ಎಪ್ಪತ್ತೊಂದು ಒಲೆಗಳಿದ್ದವು. ಮಕ್ಕಳಿಂದ ಬೇರೆಯಾದ ಮುದುಕಿಯರು, ಗಂಡ ಬಿಟ್ಟವರು, ಜೋಗವ್ವ. ಒಂಬತ್ತು ಒಲೆಗಳು ಹಿಂದಿನ ವರ್ಷ ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.